ಹುಚ್ಚು ಯಂತ್ರದ ಸಾಕ್ಷಿ

“ಮತ್ತೆ ಹೋಯ್ತು ಮೇಡಂ!”

ಕಂಪನಿಯಿಂದ ರಿಪೇರಿಗೆ ಬಂದಿದ್ದ ನಂಜುಂಡ ಕೀಬೋರ್ಡಿನಿಂದ ಕೈ ಎತ್ತಿ ಕುರ್ಚಿಗೆ ಒರಗಿದ. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಒಂದೇ ಒಂದು ಬಿಳಿಯ ಸಾಲು ನಿಂತಿತ್ತು. ಮೆಮೊರಿಯಲ್ಲಿ ದೋಷ, ಯಂತ್ರ ಸ್ಥಗಿತ. ಬೆಳಗಿನಿಂದ ಅದೇ ಸಾಲನ್ನು ನೋಡಿ ನೋಡಿ ಇಂದ್ರಾಬಾಯಿಗೆ ಅದು ಬಾಯಿಪಾಠವಾಗಿ ಹೋಗಿತ್ತು.

ಇಂದ್ರಾಬಾಯಿ ಕೂತಲ್ಲಿ ಕೂರುವ ಹೆಂಗಸಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅರ್ಧ ಆಯುಷ್ಯ ಕಳೆದವಳು, ಇನ್ನು ಮೇಲೆ ಯಾವ ಕುರ್ಚಿಗೂ ಅಂಟಿಕೊಳ್ಳುವುದಿಲ್ಲವೆಂದು ಪಣ ತೊಟ್ಟು ಸಾಂತಾಕ್ರೂಜಿನಲ್ಲಿ ಖಾಸಗಿ ಪತ್ತೇದಾರಿಯ ಬೋರ್ಡು ಹಾಕಿದ್ದಳು. ಈಗ ಅಂಧೇರಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರ ಈ ಎಸಿ ಕಿರುಕೋಣೆಯಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಬರಿಗಾಲಲ್ಲಿ ತಿರುಗುತ್ತಿದ್ದಳು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರುವಂತಿಲ್ಲ. ದೇವರ ಕೋಣೆಗಿಂತ ಇಲ್ಲಿ ಮಡಿ ಹೆಚ್ಚು.

ರಮಾಮಣಿಯ ಪರವಾಗಿ ಮಾತಾಡಲು ಈ ಊರಿನಲ್ಲಿ ಉಳಿದಿದ್ದದ್ದು ಈ ಯಂತ್ರ ಒಂದೇ. ಅದಕ್ಕೇ ತಲೆ ಕೆಟ್ಟಿತ್ತು.

ಖಂಡಪ್ಪನವರ ಈ ಲ್ಯಾಬಿನಲ್ಲಿ ಔಷಧಿಗಳನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ. ದಸರೆಗೆ ಮೊದಲು ಇಲ್ಲಿಂದ ‘ಯೋಗ್ಯ’ ಎನ್ನಿಸಿಕೊಂಡು ಹೋದ ಕಣ್ಣಿನ ಹನಿ, ದಸರೆ ಕಳೆಯುತ್ತಲೇ ಒಂದು ಉಚಿತ ಶಿಬಿರದಲ್ಲಿ ಬಡವರ ಕಣ್ಣು ತೆಗೆದಿತ್ತು. ವರದಿಯ ಕೆಳಗೆ ಟೈಪಾಗಿದ್ದದ್ದು ಪರೀಕ್ಷೆ ಮಾಡಿದ ರಮಾಮಣಿಯ ಹೆಸರು. ಹನಿಯಲ್ಲಿ ವಿಷಾಂಶವಿದೆ, ‘ಅಯೋಗ್ಯ’ ಎಂದೇ ತಾನು ಬರೆದು ಕೊಟ್ಟದ್ದೆಂದು ಅವಳು ಆಣೆ ಇಟ್ಟು ಹೇಳುತ್ತಿದ್ದಳು. ಅವಳು ಅಳೆದ ಅಂಕಿ ಇನ್ನೂ ಈ ಕಂಪ್ಯೂಟರಿನೊಳಗೆ ಕೂತಿತ್ತು, ಅವಳ ಮಾತನ್ನೇ ಹೇಳುತ್ತಿತ್ತು. ಆದರೆ ಗಳಿಗೆಗೊಮ್ಮೆ ನಿಂತುಹೋಗುವ, ಮನಸ್ಸಿಗೆ ಬಂದ ಅಂಕಿ ಒದರುವ ಯಂತ್ರದ ಸಾಕ್ಷಿಯನ್ನು ನಂಬುವವರು ಯಾರು?

ಸಂಜೆಗೆ ಇನ್‌ಸ್ಪೆಕ್ಟರ್ ಸುರ್ವೆ ಬರುವವನಿದ್ದ. ಅಷ್ಟರೊಳಗೆ ಯಂತ್ರಕ್ಕೆ ಬುದ್ಧಿ ಬರದಿದ್ದರೆ ರಮಾಮಣಿ ಅವನ ಜೀಪು ಹತ್ತಬೇಕಾಗಿತ್ತು.

“ನಂಜುಂಡ ಅವರ, ಇದಕ್ಕ ಯಾವಾಗಿಂದ ಹಿಂಗಾಗ್ಯದ? ಅದೊಂದು ಮಾತು ನೆಟ್ಟಗ ಹೇಳ್ರಿ.”

“ಕಂಪ್ಲೇಂಟ್ ಬಂದದ್ದು ದಸರಾ ಆದ್ಮೇಲೆ ಮೇಡಂ. ಆದ್ರೆ ಅದಕ್ಕೆ ಮುಂಚೆ ನೆಟ್ಟಗಿತ್ತು ಅಂತ ನಾನು ಹೆಂಗೆ ಬರ್ಕೊಡ್ಲಿ? ಖಂಡಪ್ಪನವರು ಮೊದಲಿಂದಾನೂ ಹಿಂಗೇ ಇತ್ತು ಅಂತಾರೆ. ಟೈಪ್ ಮಾಡೋ ಹುಡ್ಗಿ ಒಂದು ದಿವಸ ಒಂದೊಂದು ಹೇಳ್ತಾಳೆ.”

ಎಲ್ಲವೂ ಆ ‘ಯಾವಾಗಿಂದ’ ಎಂಬುದರ ಮೇಲೆ ನಿಂತಿತ್ತು. ರಮಾಮಣಿ ಪರೀಕ್ಷೆ ಮಾಡಿದ ದಿನ ಯಂತ್ರ ನೆಟ್ಟಗಿದ್ದರೆ ಅವಳ ಅಂಕಿ ನಿಜ. ಆಗಲೇ ಕೆಟ್ಟಿದ್ದರೆ ಅವಳ ಅಂಕಿಗೆ ಕವಡೆಯ ಕಿಮ್ಮತ್ತೂ ಇಲ್ಲ.

ವಿಮಾನವೊಂದು ಕಟ್ಟಡದ ನೆತ್ತಿಯ ಮೇಲೆ ಹಾದು ಕಿಟಕಿಯ ಗಾಜು ಗಡಗಡ ಎಂದಿತು. ಇಂದ್ರಾಬಾಯಿ ಬಾಗಿಲು ತೆರೆದು ಹೊರಗೆ ಇಣುಕಿದಳು. ಕಾರಿಡಾರಿನ ಬೆಂಚಿನ ಮೇಲೆ ರಮಾಮಣಿ ಹಾಲುಬಣ್ಣದ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಮೈಸೂರಿನ ಹುಡುಗಿ. ವಿಜಾಪುರದ ದಾನಪ್ಪನನ್ನು ಮೆಚ್ಚಿ, ಎರಡೂ ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದವಳು. ದಾನಪ್ಪ ಲ್ಯಾಮಿಂಗ್ಟನ್ ರೋಡಿನಲ್ಲಿ ರೇಡಿಯೋ, ಟೀವಿ, ಕಂಪ್ಯೂಟರುಗಳ ಬಿಡಿಭಾಗ ಮಾರುವ ಅಂಗಡಿಯವ. ಇಂದ್ರಾಬಾಯಿಯ ಮನೆಗೆ ಬಂದು ಕಣ್ಣೀರಿಟ್ಟು ಈ ಕೇಸು ಒಪ್ಪಿಸಿದವನೂ ಅವನೇ.

“ಏನರ ಆತೇನ್ರಿ ಬಾಯಾರ?” ಹೆಂಡತಿಯ ಪಕ್ಕ ಕೂತಿದ್ದ ದಾನಪ್ಪ ಎದ್ದೇ ನಿಂತ.

“ಇನ್ನೂ ಇಲ್ಲ. ಕೂಡ್ರಿ.”

“ಹೆಂಗ ಕೂಡ್ಲ್ರಿ? ಶಿಬಿರದಾಗ ಕಣ್ಣು ಹೋದ ಸುದ್ದಿ ಬಂದ ದಿನಾನೂ ಹಿಂಗ ಆತು. ಖಂಡಪ್ಪ ಸಾಹೇಬ್ರು ಈಕೀನ್ನ ಕ್ಯಾಬಿನ್ನಿನಾಗ ಕೂಡಿಸ್ಕೊಂಡು ಕೇಳಾಕತ್ತಿದ್ರು. ನನ್ನ ಆ ಎಸಿ ರೂಮಿನಾಗ ಕುಂದರ್ಸಿದ್ರು. ಥಂಡಿಗೆ ನಡಗ್ಕೋತ ಒಬ್ಬಾವ ಕುಂತಿದ್ದೆ. ಇವತ್ತೂ ಅದ ಹಣೆಬರಹ.”

ಅವನು ಅಂಗಿಯ ಕಿಸೆಯನ್ನು ತಡವಿಕೊಂಡ. ಅದರಲ್ಲಿ ಬಿಲ್ಲೆಯಷ್ಟು ಅಗಲದ ತಗಡಿನ ಡಬ್ಬಿ ಇತ್ತು. ಮನೆದೇವರು ಮೈಲಾರಲಿಂಗನ ಭಂಡಾರ, ಅಂದರೆ ಪೂಜಿಸಿದ ಅರಿಶಿನ ಪುಡಿ. ಬೆಳಿಗ್ಗೆ ಲಿಫ್ಟು ಹತ್ತುವ ಮೊದಲು “ಏಳುಕೋಟಿ” ಎನ್ನುತ್ತ ಇಂದ್ರಾಬಾಯಿಯ ಹಣೆಗೂ ಒಂದು ಚಿಟಿಕೆ ಒತ್ತಿದ್ದ. ಪೊಲೀಸರ ಎದುರು ಹಳದಿ ಹಣೆ ಹೊತ್ತು ನಿಲ್ಲುವುದು ಹೇಗೆಂದು ಆಕೆ ಅವನು ಅತ್ತ ತಿರುಗಿದಾಗ ಕರವಸ್ತ್ರದಿಂದ ಒರೆಸಿಕೊಂಡಿದ್ದಳು. ಪಾಪ, ಹೆಂಡತಿಯ ಸಲುವಾಗಿ ಮುಕ್ಕೋಟಿ ದೇವರಿಗೂ ಮೊರೆಯಿಡುತ್ತಿದ್ದಾನೆ ಎಂದು ಈಗ ಮತ್ತೆ ಮರುಕ ಬಂತು.

ಒಳಗೆ ಬಂದಾಗ ನಂಜುಂಡ ಸೋಲೊಪ್ಪಿದವನಂತೆ ಫ್ಲಾಪಿಗಳನ್ನು ಚೀಲಕ್ಕೆ ತುಂಬುತ್ತಿದ್ದ.

“ಎಲ್ಲಿಗೆ ಹೊಂಟ್ರಿ?”

“ನನ್ನ ಕೈಲಾದ್ದು ಮಾಡ್ದೆ ಮೇಡಂ. ಶುರುವಾಗುವಾಗ ಮೆಮೊರಿಗೆ ಬಂದು ಕೂತ್ಕೊಳ್ಳೋ ಪ್ರೋಗ್ರಾಮುಗಳನ್ನೆಲ್ಲ ಕಿತ್ತು ಹಾಕ್ದೆ. ಮೆಮೊರಿ ಹಂಚೋ ಸಾಲುಗಳನ್ನ ಹಿಂದೆ ಮುಂದೆ ಮಾಡ್ದೆ. ವೈರಸ್ ನೋಡ್ದೆ. ಇದು ಸಾಫ್ಟ್‌ವೇರ್ ಪ್ರಾಬ್ಲಮ್ಮು. ಪುಣೆಯಿಂದ ಸೀನಿಯರ್ ಬರ್ಬೇಕು.”

“ಪೆಟ್ಟಿಗಿ ತಗದು ಒಳಗ ನೋಡಿದ್ರ್ಯಾ?”

“ಅದೇನೂ ಬೇಕಾಗಿಲ್ಲ.”

ಉತ್ತರ ಬಹಳ ಬೇಗ ಬಂತು. ದನಿ ಕೇಳಿಯೇ ಮನುಷ್ಯನ ಮುಖ ಊಹಿಸುತ್ತಿದ್ದ ಇಂದ್ರಾಬಾಯಿಗೆ ಅಷ್ಟು ಸಾಕಾಯಿತು. ಈ ನಂಜುಂಡ ಮಾತಿಗೆ ನಿಂತರೆ ಅಮೆರಿಕದ ಕಂಪ್ಯೂಟರುಗಳನ್ನೆಲ್ಲ ತಾನೇ ಕಟ್ಟಿದವನ ಹಾಗೆ ಆಡುತ್ತಾನೆ. ಪೆಟ್ಟಿಗೆ ತೆಗೆ ಎಂದೊಡನೆ ಮಾತ್ರ ಬಾಲ ಮುದುರುತ್ತಾನೆ. ಹದಿನೈದು ದಿನಗಳಿಂದ ಇದೇ ಆಟ. ಆಕೆ ಅವನನ್ನೂ ಮನಸ್ಸಿನೊಳಗಿನ ಅನುಮಾನದ ಸಾಲಿನಲ್ಲಿ ನಿಲ್ಲಿಸಿದಳು.

“ಪೆಟ್ಟಿಗಿ ತಗೀದಿದ್ರ ಬ್ಯಾಡ. ತಗೀದನ ಇನ್ನೇನರ ಮಾಡ್ಲಿಕ್ಕೆ ಬರ್ತದೇನು?”

ನಂಜುಂಡ ಗಡ್ಡ ಕೆರೆದುಕೊಂಡ. “ಒಂದಿದೆ. ಸೆಟಪ್ಪಿನಲ್ಲಿ ಮೆಮೊರಿಗೆ ಕಾಯೋದು ಅಂತ ಒಂದಿರತ್ತೆ. ವೇಟ್ ಸ್ಟೇಟ್ ಅಂತಾರೆ. ಅದನ್ನ ಹೆಚ್ಚಿಸಿದ್ರೆ ಮೆಷಿನ್ ನಿಧಾನ ಆಗತ್ತೆ. ಯಾರು ಮಾಡ್ತಾರೆ ಅಂತ ಬಿಟ್ಟಿದ್ದೆ.”

“ನನಗ ತಿಳಿಯೂ ಹಂಗ ಹೇಳ್ರಿ.”

“ಈಗ ನೀವು ಎಕ್ಸ್‌ಚೇಂಜಲ್ಲಿ ಇದ್ರಲ್ಲ ಮೇಡಂ. ‘ನಂಬರ್ ಪ್ಲೀಸ್’ ಅಂತೀರ. ಆ ಕಡೆಯೋನು ನಂಬರ್ ಪೂರ್ತಿ ಹೇಳೋದಕ್ಕೆ ಮುಂಚೇನೆ ನೀವು ಪಿನ್ ಚುಚ್ಚಿಬಿಟ್ರೆ?”

“ರಾಂಗ್ ನಂಬರ್.”

“ಅಷ್ಟೇ! ಪ್ರೊಸೆಸರ್ರು ಕೇಳತ್ತೆ, ಮೆಮೊರಿ ಹೇಳತ್ತೆ. ಮೆಮೊರಿ ನಿಧಾನಸ್ಥ ಆಗಿದ್ರೆ ಪ್ರೊಸೆಸರ್ರು ಒಂದು ಉಸಿರು ತಡ್ಕೋಬೇಕು. ಈಗ ಇಲ್ಲಿ ಸೊನ್ನೆ ಇದೆ. ಅಂದ್ರೆ ತಡೆಯೋದೇ ಇಲ್ಲ. ಒಂದು ಅಂತ ಇಟ್ರೆ ಒಂದು ಉಸಿರು ತಡೆಯತ್ತೆ.”

“ಇಡ್ರಿ ಮತ್ತ!”

ಯಂತ್ರ ಆರಿಸಿ ಮತ್ತೆ ಹಚ್ಚಿದ. ಮೂಲೆಯಲ್ಲಿ ಅಂಕಿಗಳು ಟಿಕ್ ಟಿಕ್ ಎನ್ನುತ್ತ ಏರುತ್ತಿರುವಾಗಲೇ ಒಂದು ಗುಂಡಿ ಒತ್ತಿದ. ನೀಲಿ ಪರದೆ ಬಂತು. ಬಾಣದ ಗುರುತಿನಿಂದ ಕೆಳಗಿಳಿದು ಸೊನ್ನೆಯನ್ನು ಒಂದು ಮಾಡಿ ಹೊರಬಂದ. ಆಮೇಲೆ ರಮಾಮಣಿಯ ಹಳೆಯ ಪರೀಕ್ಷೆಯ ಲೆಕ್ಕವನ್ನೇ ಮತ್ತೆ ಮತ್ತೆ ಮಾಡುತ್ತಿರು ಎಂದು ಯಂತ್ರಕ್ಕೆ ಅಪ್ಪಣೆ ಕೊಟ್ಟ.

ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಈಗ ನಿಂತೀತು, ಈಗ ನಿಂತೀತು. ಚಹಾ ಬಂದು ಆರಿತು. ಮತ್ತೊಂದು ವಿಮಾನ ಹೋಯಿತು. ಇಂದ್ರಾಬಾಯಿ ಕಿಟಕಿಗೆ ಹೋಗುವಳು, ಬರುವಳು, ಪರದೆಗೆ ಮೂಗು ತಾಗುವಂತೆ ಬಗ್ಗುವಳು. ಲೆಕ್ಕ ಸಾಗುತ್ತಲೇ ಇತ್ತು. ಪ್ರತಿ ಸಲವೂ ಕೊನೆಗೆ ಅದೇ ಅಂಕಿ, ರಮಾಮಣಿ ಹೇಳಿದ ಅಂಕಿ.

“ಮೇಡಂ, ಸಾಯ್ತಾ ಇಲ್ಲ!” ನಂಜುಂಡನ ದನಿ ಕೀರಲಾಯಿತು.

“ಸೊನ್ನಿ ಇಟ್ಟು ನೋಡ್ರಿ.”

“ಈಗ ತಾನೆ ಸರಿಹೋಗಿದೆ, ಯಾಕೆ ಅದನ್ನ...”

“ಇಡ್ರಿ ಅಂದೆ.”

ಸೊನ್ನೆ ಇಟ್ಟ. ಕೈ ತೆಗೆಯುವಷ್ಟರಲ್ಲಿ ಬಿಳಿಯ ಸಾಲು ಬಂದು ನಿಂತಿತು. ಮತ್ತೆ ಒಂದು ಇಟ್ಟ. ಯಂತ್ರ ಮುದ್ದಿನ ಮಗುವಿನಂತೆ ಹೇಳಿದ ಮಾತು ಕೇಳತೊಡಗಿತು.

ಇಂದ್ರಾಬಾಯಿ ಈಗ ಓಡಾಟ ನಿಲ್ಲಿಸಿದಳು. ಆಕೆ ನಿಂತರೆ ಎದುರಿಗಿರುವವರು ಹುಷಾರಾಗಬೇಕೆಂದು ಬಲ್ಲವರು ಹೇಳುತ್ತಾರೆ. ನಂಜುಂಡನಿಗೆ ಅದು ಗೊತ್ತಿರಲಿಲ್ಲ.

“ಈ ಸೊನ್ನಿ ಯಾರು ಇಟ್ಟಿದ್ರು?”

“ನಾನೇ. ಹೊಸ ಮೆಷಿನ್ನು ಬಂದಾಗಿಂದಾನೂ ಸೊನ್ನೇನೇ. ಚಿರತೆ ಓಡಿದಂಗೆ ಓಡ್ತಿತ್ತು.”

“ಅವಾಗ ಸೊನ್ನಿಗೆ ಓಡಿದ್ದು ಈಗ್ಯಾಕ ಓಡವಲ್ದು?”

ನಂಜುಂಡ ಪರದೆಯ ಕಡೆಗೆ ಬಗ್ಗಿ ನೋಡಿದ.

“ನೀವ ಹೇಳಿದ್ರಿ, ಮೆಮೊರಿ ನಿಧಾನ ಇದ್ರ ಇದು ಬೇಕಾಗ್ತದ ಅಂತ. ಮೆಮೊರಿ ತಾನಾಗೇ ಮುದುಕಿ ಆಗ್ತದೇನು?”

“ಇಲ್ಲ. ಚಿಪ್ಪು ಸುಟ್ಟುಹೋಗ್ಬೋದು. ಆದ್ರೆ ನಿಧಾನ ಆಗಲ್ಲ.”

“ಹಂಗಾರ ಒಳಗಿರೋದು ಮೊದಲಿನ ಮೆಮೊರಿ ಅಲ್ಲ. ಯಾರೋ ಬದಲಿ ಮಾಡ್ಯಾರ. ತಗೀರಿ ಪೆಟ್ಟಿಗಿ.”

ಮೈ ಕೊರೆಯುವ ಎಸಿಯಲ್ಲೂ ನಂಜುಂಡನ ಹಣೆ ಬೆವರಿತು. ಸ್ಕ್ರೂಡ್ರೈವರ್ ಹಿಡಿದವನು ಮತ್ತೆ ಕೆಳಗಿಟ್ಟ. “ಮೇಡಂ, ಖಂಡಪ್ಪನವರಿಗೆ ಹೇಳ್ಬಾರ್ದು. ನಮ್ಮ ಕಂಪನಿಗಂತೂ ಗೊತ್ತಾಗ್ಲೇಬಾರ್ದು. ಒಂದು ಸಲ ಮೆಮೋ ಕೊಟ್ಟಿದ್ದಾರೆ.”

“ಏನು ಮಾಡಿಟ್ಟೀರಿ ಮಾರಾಯ್ರ?”

“ಆಯುಧಪೂಜೆ ದಿವಸ ಮೆಷಿನ್ ಕ್ಲೀನ್ ಮಾಡೋಕೆ ಬಂದಿದ್ದೆ. ಎಲ್ರೂ ಹೊರಗೆ ಪೆಟ್ಟಿಗೆ ಮೇಲೆ ಕುಂಕುಮ ಇಟ್ಟು ಹೂ ಹಾಕ್ತಾರೆ. ಅದೇನು, ತಗಡಿಗೆ ಪೂಜೆ ಮಾಡ್ದಂಗಲ್ವಾ? ಕೆಲ್ಸ ಮಾಡೋದು ಒಳಗಿರೋದು ತಾನೆ? ಅದಕ್ಕೆ ನಾನು ಒಳಗೇ... ಒಂದೊಂದಕ್ಕೂ ಗಂಧ ಇಟ್ಟು, ಅದರ ಮೇಲೆ ಕುಂಕುಮ... ಚಿಕ್ಕದು ಮೇಡಂ, ಸಾಸಿವೆಯಷ್ಟು! ಅಪ್ಪ ನಂಜನಗೂಡಲ್ಲಿ ಅಕ್ಕಿ ಗಿರಣಿಗೆ ಹಂಗೇ ಮಾಡ್ತಿದ್ರು.”

ಇಂದ್ರಾಬಾಯಿಗೆ ನಗು ತಡೆಯಲಾಗಲಿಲ್ಲ. ತನ್ನ ಕುಂಕುಮದಿಂದಲೇ ಯಂತ್ರ ಕೆಟ್ಟಿತೆಂದು ಹೆದರಿ ಈ ಮಹಾನುಭಾವ ಪೆಟ್ಟಿಗೆ ತೆಗೆಯದೆ ಊರೆಲ್ಲ ಸುತ್ತಿದ್ದ. ನಗುವಿನ ಬೆನ್ನಿಗೇ ಆಕೆಗೆ ಇನ್ನೊಂದು ಹೊಳೆಯಿತು. “ಎಲ್ಲಾದಕ್ಕೂ ಇಟ್ಟಿದ್ರಿ? ಮೆಮೊರಿಗೂ?”

“ನಾಲ್ಕು ಪಟ್ಟಿಗೂ.”

“ತಗೀರಿ ಲಗೂನ!”

ಮುಚ್ಚಳ ಸರಿಯಿತು. ಒಳಗೆ ಧೂಳಿನ ತೆಳು ಪದರ, ಬಣ್ಣಬಣ್ಣದ ತಂತಿಗಳು. ಒಂದು ಅಂಚಿನಲ್ಲಿ ಬೆರಳುದ್ದದ ನಾಲ್ಕು ಹಸಿರು ಪಟ್ಟಿಗಳು ಸಾಲಾಗಿ ನಿಂತಿದ್ದವು. ಇಂದ್ರಾಬಾಯಿ ಟಾರ್ಚು ಬಿಟ್ಟಳು.

ಮೊದಲ ಪಟ್ಟಿಯ ನೆತ್ತಿಯಲ್ಲಿ ಒಣಗಿದ ಗಂಧದ ಬೊಟ್ಟು, ನಡುವೆ ಕುಂಕುಮ. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೂ.

ನಾಲ್ಕನೆಯದಕ್ಕೆ ಗಂಧವಿರಲಿಲ್ಲ, ಕುಂಕುಮವೂ ಇರಲಿಲ್ಲ. ಬರೀ ಹಳದಿ. ಬೆರಳಿನಿಂದ ಒತ್ತಿ ಬಳಿದ ಅರಿಶಿನ.

“ಇದು ನಂದಲ್ಲ,” ಎಂದ ನಂಜುಂಡ. ಪಟ್ಟಿಯನ್ನು ಕಿತ್ತು ಬೆಳಕಿಗೆ ಹಿಡಿದು ಚಿಪ್ಪುಗಳ ಮೇಲಿನ ಪುಟ್ಟ ಅಕ್ಷರ ಓದಿದ. “ಥತ್! ಹಳೇ ಮಾಲು. ಉಳಿದ ಮೂರರ ಮುಂದೆ ಇದು ಎತ್ತಿನ ಗಾಡಿ. ಮೇಡಂ, ಇದೊಂದೇ ಎಲ್ಲಾನೂ ಕೆಡಿಸ್ತಿದ್ದದ್ದು!”

“ಅಂದ್ರ ಆಯುಧಪೂಜಿ ದಿವಸ ಇದು ಇಲ್ಲಿ ಇರಲಿಲ್ಲ.”

“ಖಂಡಿತ ಇರ್ಲಿಲ್ಲ. ಇದ್ದಿದ್ರೆ ನನ್ನ ಬೊಟ್ಟು ಇರ್ತಿತ್ತು.”

“ರಮಾಮಣಿ ಪರೀಕ್ಷಾ ಮಾಡಿದ್ದು ಅದಕ್ಕೂ ಮೊದಲ. ಅವಾಗ ನಿಮ್ಮ ಚಿರತಿ ನೆಟ್ಟಗ ಓಡ್ತಿತ್ತು. ಆಕೀ ಅಂಕಿ ಖರೇ ಅದ!”

ಇಂದ್ರಾಬಾಯಿಗೆ ಕುಣಿಯಬೇಕೆನ್ನಿಸಿತು. ವಯಸ್ಸು ಅಡ್ಡ ಬಂದು ಸುಮ್ಮನಾದಳು. ಇನ್ನು ಉಳಿದದ್ದು ಒಂದೇ ಪ್ರಶ್ನೆ. ಯಂತ್ರಕ್ಕೆ ಹುಚ್ಚು ಹಿಡಿಸಿ, ಅದರ ಸಾಕ್ಷಿ ಯಾರೂ ನಂಬದ ಹಾಗೆ ಮಾಡಿದವರು ಯಾರು?

“ಏನ್ ನಡದೈತ್ರಿ ಇಲ್ಲಿ?”

ಬಾಗಿಲಲ್ಲಿ ಖಂಡಪ್ಪ ನಿಂತಿದ್ದರು. ದಪ್ಪ ದೇಹ, ಸಫಾರಿ ಸೂಟು, ಬೆಳಗಿನಿಂದಲೂ ಬೇರೆಯವರ ತಪ್ಪನ್ನೇ ಹುಡುಕುವಂತಿದ್ದ ಕಣ್ಣು. ವಿಜಾಪುರದಿಂದ ಬರಿಗೈಯಲ್ಲಿ ಬಂದು ಈ ಲ್ಯಾಬು ಕಟ್ಟಿದವರು.

ಇಂದ್ರಾಬಾಯಿ ಪಟ್ಟಿಯನ್ನು ಅವರ ಮೂಗಿನ ಹತ್ತಿರ ಹಿಡಿದಳು. “ನೋಡ್ರಿ, ಇದು ನಿಮ್ಮ ಯಂತ್ರದ ಹುಚ್ಚು. ದಸರಾ ಆದ ಮ್ಯಾಲೆ ಯಾರೋ ಒಳಗ ಸೇರಿಸ್ಯಾರ. ಸೇರಿಸಿದಾವ್ರು ಭಾಳ ಭಕ್ತರು. ಪೂಜಾ ಆದ ಸಾಲಿನ್ಯಾಗ ಬರೇ ಪಟ್ಟಿ ಇಡ್ಲಿಕ್ಕೆ ಮನಸ್ಸಾಗಿಲ್ಲ, ಅರಿಷಿಣ ಹಚ್ಚ್ಯಾರ. ಇದು ಅಡಗೀ ಮನೀ ಅರಿಷಿಣ ಅಲ್ಲ, ವಾಸನಿ ನೋಡ್ರಿ. ಭಂಡಾರ.”

“ಅದಕ್ಕ?”

“ಭಂಡಾರ ಖಂಡೋಬಂದು. ನಿಮ್ಮ ಹೆಸರೂ ಖಂಡಪ್ಪ.”

ನಂಜುಂಡ ಹೌಹಾರಿದ. ಖಂಡಪ್ಪನವರ ಮುಖ ಕೆಂಪಗಾಯಿತು. ಕೂಗಾಡುತ್ತಾರೆಂದು ಇಂದ್ರಾಬಾಯಿ ಕಾದಳು. ಅವರು ಕೂಗಾಡಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ತೋರಿಸಿದರು.

“ನಾ ಲಿಂಗಾಯತ ಅದೀನ್ರಿ ಬಾಯಾರ. ನಮ್ಮ ಅಜ್ಜಿ ಹರಕಿ ಹೊತ್ತು ಈ ಹೆಸರಿಟ್ಳು, ಅಷ್ಟ. ಆಕಿ ಹೋದ ಮ್ಯಾಲ ನಮ್ಮ ಮನ್ಯಾಗ ಭಂಡಾರ ಯಾರೂ ಮುಟ್ಟಿಲ್ಲ. ನನ್ನ ಟೇಬಲ್ ತಗದು ನೋಡ್ರಿ, ವಿಭೂತಿ ಗಟ್ಟಿ ಬಿಟ್ರ ಬ್ಯಾರೆ ಏನೂ ಸಿಗೂದಿಲ್ಲ. ನಾ ಹಚ್ಚಿದ್ರ ಬೆಳ್ಳಗ ಇರ್ತಿತ್ತು, ಹಳದಿ ಅಲ್ಲ.”

“ಯಂತ್ರ ಕೆಟ್ಟಿದ್ದು ನಿಮಗ ಲಾಭ ಆಗ್ಯದ.”

“ಆಗೇತಿ. ಇಲ್ಲ ಅನ್ನಂಗಿಲ್ಲ. ಕೆಟ್ಟಿದ್ದು ನೋಡಿ ಖುಷಿನೂ ಪಟ್ಟೀನಿ. ಆದ್ರ ಕೆಡಿಸಿದಾವ ನಾ ಅಲ್ಲ.” ಹೊರಡಲು ತಿರುಗಿದವರು ಇನ್ನೊಮ್ಮೆ ಆ ಹಳದಿ ಬೊಟ್ಟನ್ನು ದಿಟ್ಟಿಸಿ ನೋಡಿದರು. “ಸುರ್ವೆ ಸಾಹೇಬ್ರ ಜೀಪು ಬಂದಂಗ ಐತಿ. ಕರಕೊಂಡು ಬರ್ತೀನಿ. ಇದನ್ನ ಅವ್ರಿಗೂ ತೋರಸ್ರಿ.”

ಅವರ ದನಿಯಲ್ಲಿ ಬಿರುಕಿರಲಿಲ್ಲ. ಇಷ್ಟು ವರ್ಷ ಕಿವಿಯಿಂದಲೇ ಬದುಕಿದ ಇಂದ್ರಾಬಾಯಿಗೆ ಅದು ಗೊತ್ತಾಯಿತು. ಈ ಮನುಷ್ಯ ವರದಿ ತಿದ್ದಿರಬಹುದು, ಮೆಮೊರಿಯ ಪಟ್ಟಿ ಬದಲಾಯಿಸಿಲ್ಲ.

ನಾಚಿಕೆಯಿಂದ ಕುತ್ತಿಗೆ ಬಿಸಿಯಾಯಿತು. ಬೆವರು ಒರೆಸಿಕೊಳ್ಳಲು ಸೊಂಟಕ್ಕೆ ಸಿಕ್ಕಿಸಿದ್ದ ಕರವಸ್ತ್ರ ತೆಗೆದಳು.

ಬಿಳಿಯ ಕರವಸ್ತ್ರದ ನಡುವೆ ಬೆರಳಗಲದ ಹಳದಿ ಕಲೆ.

ಇಂದ್ರಾಬಾಯಿ ಪಟ್ಟಿಯನ್ನು ಅದರ ಪಕ್ಕಕ್ಕೆ ಹಿಡಿದಳು. ಅದೇ ಬಣ್ಣ, ಅದೇ ಕಮಟು ವಾಸನೆ. ಖಂಡೋಬನೆಂದರೂ ಮೈಲಾರಲಿಂಗನೆಂದರೂ ದೇವರು ಒಬ್ಬನೇ. ಸುದ್ದಿ ಬಂದ ದಿನ ಎಸಿ ರೂಮಿನಲ್ಲಿ ಒಬ್ಬನೇ ನಡುಗುತ್ತ ಕೂತಿದ್ದೆನೆಂದು ಅವನೇ ಹೇಳಿದ್ದ. ಬಿಡಿಭಾಗ ಮಾರುವ ಅಂಗಡಿ ಅವನದು. ಇಷ್ಟು ಹೊತ್ತೂ ಊರನ್ನೆಲ್ಲ ಅನುಮಾನಿಸಿ, ಬಾಗಿಲ ಹೊರಗೆ ಕೂತವನ ಮೇಲೆ ಮರುಕ ಪಡುತ್ತಿದ್ದಳಲ್ಲ! ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು.

“ನೀವು ಇಲ್ಲೇ ಇರ್ರಿ,” ಎಂದು ನಂಜುಂಡನಿಗೆ ಹೇಳಿ ಕಾರಿಡಾರಿಗೆ ಬಂದಳು.

ದಾನಪ್ಪ ಮೊದಲು ನೋಡಿದ್ದು ಆಕೆಯ ಮುಖವನ್ನಲ್ಲ, ಕೈಯಲ್ಲಿದ್ದ ಹಸಿರು ಪಟ್ಟಿಯನ್ನು. ಅವನ ಕೈ ತಾನಾಗಿಯೇ ಕಿಸೆಯ ಡಬ್ಬಿಯ ಮೇಲೆ ಹೋಯಿತು.

“ಯಾಕ ಮಾಡಿದ್ರಿ ದಾನಪ್ಪ?”

ಅವನು ಸುಳ್ಳು ಹೇಳಲು ನೋಡಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತ. ರಮಾಮಣಿ ಇಬ್ಬರನ್ನೂ ಮಿಕಿಮಿಕಿ ನೋಡಿದಳು.

“ಆಕೀನ್ನ ಉಳಸ್ಬೇಕಿತ್ತು ಬಾಯಾರ. ಆ ವಾರ ಆಕಿ ಜ್ವರದಾಗ ಕೆಲಸಕ್ಕ ಹೋಗಿದ್ಲು. ಜ್ವರದಾಗ ಕಣ್ಣ ತಪ್ಪಿ ಏನೋ ಆಗೇತಿ ಅನಕೊಂಡೆ. ತಪ್ಪು ಆಕೀದಲ್ಲ, ಮಿಷನ್ನಿಂದು ಅಂದ್ರ ಬಿಟ್ಟಾರು ಅನ್ನಿಸ್ತು. ಅವತ್ತ ನನ್ನ ಚೀಲದಾಗ ಒಂದು ಹಳೇ ಪಟ್ಟಿ ಇತ್ತು. ಪೆಟ್ಟಿಗಿ ತಗದ್ರ ಎಲ್ಲಾದಕ್ಕೂ ಬೊಟ್ಟು ಇತ್ತು. ಪೂಜಾ ಆದ ಜಾಗದಾಗ ಹಂಗ ಹೆಂಗ ಇಡ್ಲ್ರಿ? ಮೈಲಾರಲಿಂಗನ ಹೆಸರು ತಗೊಂಡು ಇಟ್ಟೆ. ನನ್ನ ಹೇಣ್ತೀನ್ನ ಕಾಯಪ್ಪಾ ಅಂದೆ.”

“ಆಕಿ ‘ಅಯೋಗ್ಯ’ ಅಂತ ಬರದೀನಿ ಅಂತ ನಿಮಗ ಹೇಳಿರಲಿಲ್ಲೇನು?”

“ಹೇಳಿದ್ಲ್ರಿ,” ಎಂದ ದಾನಪ್ಪ.

ರಮಾಮಣಿ ಮೆಲ್ಲಗೆ ಎದ್ದು ನಿಂತಳು. ಪೊಲೀಸರು ಕರೆದಾಗ ಅಳದವಳು, ಪೇಪರಿನಲ್ಲಿ ಹೆಸರು ಬಂದಾಗ ಅಳದವಳು. ಈಗ ಕಣ್ಣೊರೆಸಿಕೊಂಡಳು.

“ಆವತ್ತು ರಾತ್ರಿ ನಿಮ್ಮ ಮುಂದೆ ಕೂತು ಅಷ್ಟು ಹೇಳಿದ್ನಲ್ಲ, ರೀ. ನೀವು ಹೂಂ ಹೂಂ ಅಂದ್ರಿ. ನಂಬಿದ್ದೀರ ಅಂತ ನಾನು ನಿದ್ದೆ ಮಾಡ್ದೆ.”

“ರಮಾ...”

“ಊರಲ್ಲಿ ಯಾರು ನಂಬದಿದ್ರೂ ನಂಗೇನೂ ಅನ್ನಿಸ್ತಿರ್ಲಿಲ್ಲ.”

ಇಂದ್ರಾಬಾಯಿಗೆ ಅವಳನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಅದಕ್ಕೆ ಪುರುಸೊತ್ತಿರಲಿಲ್ಲ. ಕೆಳಗೆ ಲ್ಯಾಬಿನ ಲಿಫ್ಟಿನ ಜಾಲರಿ ಬಾಗಿಲು ಎಳೆದ ಸದ್ದಾಯಿತು.

ಈ ಪಟ್ಟಿ ತೋರಿಸಿದರೆ ರಮಾಮಣಿಯ ಅಂಕಿ ನಿಜವೆಂದು ಸಾಬೀತಾಗುತ್ತದೆ. ಆದರೆ ಬದಲಿಸಿದವರು ಯಾರೆಂದು ಸುರ್ವೆ ಕೇಳದೆ ಬಿಡುತ್ತಾನೆಯೇ? ಆರೋಪಿಯ ಗಂಡ! ಪಟ್ಟಿ ಬದಲಿಸಿದ ಕೈ ಅಂಕಿ ಬದಲಿಸಿಲ್ಲವೆಂದು ಯಾರು ಹೇಳಬೇಕು? ಬಿಡಿಸಲು ಬಂದ ಸಾಕ್ಷಿಯೇ ಗಂಡ ಹೆಂಡಿರಿಬ್ಬರನ್ನೂ ಕೂಡಿಸಿ ಕಟ್ಟಿಹಾಕುವುದು. ಇಂದ್ರಾಬಾಯಿಗೆ ಕೈಯಲ್ಲಿದ್ದ ಬೆರಳುದ್ದದ ವಸ್ತು ಕೆಂಡದಂತೆ ಸುಟ್ಟಿತು.

ಅದೇ ಲೆಕ್ಕವನ್ನು ರಮಾಮಣಿಯೂ ಮಾಡಿ ಮುಗಿಸಿದ್ದಳು. ಎಷ್ಟೆಂದರೂ ಲೆಕ್ಕ ಅವಳ ಕಸುಬು.

ಸರಕ್ಕನೆ ಕೈ ಚಾಚಿ ಪಟ್ಟಿಯನ್ನು ಕಿತ್ತುಕೊಂಡಳು. ಸೆರಗಿನ ತುದಿ ಹಿಡಿದು ಆ ಬೊಟ್ಟನ್ನು ಉಜ್ಜಿದಳು. ಒಮ್ಮೆ, ಇನ್ನೊಮ್ಮೆ. ಹಳದಿ ಹೋಯಿತು. ಉಳಿದದ್ದು ಯಾವ ದೇವರ ಗುರುತೂ ಇಲ್ಲದ ಬರಿಯ ಹಸಿರು ಪಟ್ಟಿ.

“ಬೊಟ್ಟಿಲ್ದೆ ಇದ್ರೂ ಪೂಜೆ ಆದ್ಮೇಲೆ ಬಂದಿದ್ದು ಅಂತ ಗೊತ್ತಾಗತ್ತಲ್ಲ ಅಮ್ಮ? ಅಷ್ಟು ಸಾಕು ನಂಗೆ. ಯಾರು ಇಟ್ರು ಅನ್ನೋದು ಬೇಡ.”

“ತಂಗೀ, ಏನ್ ಮಾಡಿದಿ!” ಇಂದ್ರಾಬಾಯಿ ಅವಳ ಕೈ ಹಿಡಿದಳು. “ಅದನ್ನ ಆಗಲೇ ಖಂಡಪ್ಪ...”

ಮಾತು ಮುಗಿಯಲಿಲ್ಲ. ಲಿಫ್ಟು ಬಂದು ನಿಂತಿತು. ಮೊದಲು ಖಂಡಪ್ಪ, ಹಿಂದೆ ಇನ್‌ಸ್ಪೆಕ್ಟರ್ ಸುರ್ವೆ. ಬೆಳಗಾವಿಯಲ್ಲಿ ಓದಿದವನಾದ್ದರಿಂದ ಅವನಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಎಸಿ ರೂಮಿನ ಬಾಗಿಲು ತೆರೆದು ನಂಜುಂಡ ಉತ್ಸಾಹದಿಂದ ಹೊರಗೆ ಹಾರಿದ.

“ಸಾರ್, ಮೆಷಿನ್ ಸರಿಹೋಯ್ತು! ಪ್ರೂಫ್ ಸಿಕ್ಕಿದೆ! ಯಾರೋ ಮೆಮೊರಿ ಚೇಂಜ್ ಮಾಡಿದ್ದಾರೆ!”

“ಅಸ್ಸ? ಹೌದೇನು? ತೋರಸ್ರಿ ಬಾಯಿ,” ಎಂದು ಸುರ್ವೆ ಕೈ ಮುಂದೆ ಮಾಡಿದ.

ರಮಾಮಣಿ ಪಟ್ಟಿಯನ್ನು ಅವನ ಅಂಗೈಯಲ್ಲಿಟ್ಟಳು.

ಸುರ್ವೆ ಅದನ್ನು ಮಗುಚಿ ಮಗುಚಿ ನೋಡಿದ. “ಇದರಾಗ ಏನೂ ಗುರ್ತು ಇಲ್ಲಲ್ಲ?”

ದಾನಪ್ಪ ಉಸಿರು ಬಿಟ್ಟ. ಇಂದ್ರಾಬಾಯಿ ಕರವಸ್ತ್ರವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಖಂಡಪ್ಪನವರ ಮುಖ ನೋಡಿದಳು. ಅವರು ಪಟ್ಟಿಯನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ದಾನಪ್ಪನ ಹಳದಿ ಬೆರಳುಗಳ ಮೇಲೆ ಒಮ್ಮೆ ನಿಂತು, ಅಲ್ಲಿಂದ ನಿಧಾನವಾಗಿ ಹಾಲುಬಣ್ಣದ ಸೀರೆಗೆ ಸರಿಯಿತು.

“ಇತ್ತು ಸಾಹೇಬ್ರ,” ಎಂದರು ಖಂಡಪ್ಪ. “ಈಗ ನನ್ನ ಕಣ್ಣಾರೆ ನೋಡಿ ಹೋಗೀನಿ. ಆ ತಂಗಿಗೆ ಸೆರಗಿನ ತುದಿ ತೋರ್ಸು ಅನ್ರಿ.”